ಕಾಯುವ ದಿನಗಳಲ್ಲಿ ದೇಹಕ್ಕೆ ಬೇಕಾದದ್ದು

ಬಯಾಪ್ಸಿಗೆ ಕೊಟ್ಟು ಬಂದ ದಿನದಿಂದ ವರದಿ ಕೈಸೇರುವವರೆಗಿನ ಆ ಒಂದು ವಾರ ಚಿಕಿತ್ಸೆಯ ದಿನಗಳಿಗಿಂತ ಕಷ್ಟ ಎನ್ನುವವರಿದ್ದಾರೆ. ವರದಿ ಕೆಟ್ಟದ್ದೇ ಬಂದರೂ 'ಅಂತೂ ಗೊತ್ತಾಯ್ತಲ್ಲ' ಎಂದು ಒಂದು ಕ್ಷಣ ಉಸಿರು ಹಗುರಾಗುತ್ತದೆ. ಕಂಪನಿಯಿಂದ ತೆಗೆದುಹಾಕುವವರ ಪಟ್ಟಿ ಸಿದ್ಧವಾಗುತ್ತಿದೆ ಎಂಬ ಸುದ್ದಿ ಕೇಳಿದವರು, ವೀಸಾ ನವೀಕರಣಕ್ಕೆ ಕಾದಿರುವವರು, ಬಿತ್ತನೆ ಮುಗಿಸಿ ಮೋಡದ ಕಡೆ ನೋಡುತ್ತ ಕೂತವರು, ಎಲ್ಲರದೂ ಇದೇ ಪಾಡು. ನಿದ್ದೆ ಬಾರದು, ಊಟ ಸೇರದು, ಕೈಗೆ ತೆಗೆದುಕೊಂಡ ಕೆಲಸ ಮುಂದೆ ಸಾಗದು. ಇದನ್ನು ಅಂಜುಬುರುಕುತನ ಎಂದು ಬೈದುಕೊಳ್ಳುವ ಅಗತ್ಯವಿಲ್ಲ. ಮಿದುಳಿನ ಸ್ವಭಾವವೇ ಹಾಗಿದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಈ ಸಂಕಟವನ್ನು ಅಳೆದು, 2016ರಲ್ಲಿ ಪ್ರಕಟಿಸಿದರು. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಪರದೆಯ ಮೇಲೆ ಕಾಣುವ ಕಲ್ಲಿನ ಕೆಳಗೆ ಹಾವಿದೆಯೋ ಇಲ್ಲವೋ ಊಹಿಸಿ ಎಂದರು. ಹಾವು ಕಂಡಾಗಲೆಲ್ಲ ಕೈಗೆ ನೋಯುವಂಥ ವಿದ್ಯುತ್ ಶಾಕ್. ಯಾವ ಕಲ್ಲಿನಡಿ ಹಾವಿರುವ ಸಂಭವ ಎಷ್ಟು ಎಂಬ ಲೆಕ್ಕ ಆಟದ ಉದ್ದಕ್ಕೂ ಬದಲಾಗುತ್ತಿತ್ತು. ಚರ್ಮದ ಬೆವರು, ಕಣ್ಣಿನ ಪಾಪೆಯ ಹಿಗ್ಗು, ಆಡುವವರೇ ಹೇಳಿದ ಆತಂಕದ ಮಟ್ಟ, ಮೂರನ್ನೂ ದಾಖಲಿಸಿದರು. ಶಾಕ್ ಖಂಡಿತ ಎಂದು ಗೊತ್ತಿದ್ದಾಗಿನ ಒತ್ತಡಕ್ಕಿಂತ, ಹೊಡೆದರೂ ಹೊಡೆಯಬಹುದು ಬಿಟ್ಟರೂ ಬಿಡಬಹುದು ಎಂಬ ಶೇ. 50ರ ಸ್ಥಿತಿಯಲ್ಲಿ ಒತ್ತಡ ಜಾಸ್ತಿ ಇತ್ತು.

ಇದಕ್ಕೂ ಬಹಳ ಮೊದಲು, 1970ರ ಸುಮಾರಿಗೆ, ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೇ ವೈಸ್ ಇಲಿಗಳ ಮೇಲೆ ಪ್ರಯೋಗ ಮಾಡಿದ್ದರು. ಎರಡು ಇಲಿಗಳ ಬಾಲಕ್ಕೆ ಒಂದೇ ಪ್ರಮಾಣದ ಶಾಕ್. ಒಂದಕ್ಕೆ ಮಾತ್ರ ಶಾಕ್‌ಗೆ ಮುಂಚೆ ಸದ್ದಿನ ಸೂಚನೆ. ಸೂಚನೆ ಸಿಗುತ್ತಿದ್ದ ಇಲಿಯ ಹೊಟ್ಟೆಯಲ್ಲಿ ಹುಣ್ಣು ತೀರಾ ಕಡಿಮೆ. ಪೆಟ್ಟು ಎರಡಕ್ಕೂ ಅಷ್ಟೇ ಬಿದ್ದಿತ್ತು. ಆದರೆ ಮೊದಲನೆಯದಕ್ಕೆ ಸದ್ದಿಲ್ಲದ ಹೊತ್ತೆಲ್ಲ ನಿರಾಳದ ಹೊತ್ತು. ಎರಡನೆಯದಕ್ಕೆ ಯಾವ ಹೊತ್ತೂ ನಿರಾಳವಲ್ಲ.

ಸಣ್ಣಪುಟ್ಟ ನೆಮ್ಮದಿಗಳು ಯಾಕೆ ಕೆಲಸ ಮಾಡುತ್ತವೆ ಎಂಬುದರ ಸುಳಿವು ಇಲ್ಲಿದೆ. ಮಿದುಳು ಕ್ಷಣಕ್ಷಣವೂ 'ಮುಂದೇನು' ಎಂದು ಅಂದಾಜು ಕಟ್ಟುತ್ತಿರುತ್ತದೆ. ದೊಡ್ಡ ಪ್ರಶ್ನೆಗೆ ಉತ್ತರ ಸಿಗದಿರುವಾಗಲೂ, 'ಹೀಗೆ ಮಾಡಿದರೆ ಹೀಗೇ ಆಗುತ್ತದೆ' ಎಂದು ಖಾತ್ರಿಯಿರುವ ಸಂಗತಿಗಳನ್ನು ದಿನದಲ್ಲಿ ನಾಲ್ಕಾರು ಕಡೆ ಅದಕ್ಕೆ ಒದಗಿಸಿದರೆ ಆ ಅಷ್ಟು ಹೊತ್ತು ದೇಹದ ಕಾವಲು ಸಡಿಲವಾಗುತ್ತದೆ. ಅವನ್ನು ಸರಿಯಾಗಿ ಮಾಡುವುದು ಮುಖ್ಯ. ತಪ್ಪಾಗಿ ಮಾಡಿ 'ನನಗೆ ಇದರಿಂದ ಏನೂ ಆಗಲಿಲ್ಲ' ಎಂದು ಕೈಬಿಟ್ಟವರೇ ಹೆಚ್ಚು.

ಎಲ್ಲಕ್ಕಿಂತ ಹತ್ತಿರದಲ್ಲಿರುವುದು ಉಸಿರು. ಉಸಿರು ಒಳಗೆಳೆದುಕೊಂಡಾಗ ಎದೆಬಡಿತ ತುಸು ವೇಗವಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಮಿದುಳಿನ ಬುಡದಿಂದ ಹೃದಯಕ್ಕೆ ಇಳಿದುಬರುವ ವೇಗಸ್ ನರ ನಿಶ್ವಾಸದ ಹೊತ್ತಿನಲ್ಲಿ ಬಡಿತಕ್ಕೆ ಲಗಾಮು ಹಾಕುವುದರಿಂದ ಹೀಗಾಗುತ್ತದೆ. ಬೆರಳನ್ನು ಮಣಿಕಟ್ಟಿನ ನಾಡಿಯ ಮೇಲಿಟ್ಟು ನಿಧಾನವಾಗಿ ಉಸಿರಾಡಿದರೆ ಹಲವರಿಗೆ ಈ ವ್ಯತ್ಯಾಸ ನೇರವಾಗಿ ಗೊತ್ತಾಗುತ್ತದೆ. ಆದ್ದರಿಂದ ಹೊರಬಿಡುವ ಉಸಿರು ಒಳಗೆಳೆಯುವ ಉಸಿರಿಗಿಂತ ಉದ್ದವಿರಬೇಕು. ಮೂಗಿನಲ್ಲಿ 4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ. ಒಂದು ಸುತ್ತಿಗೆ 10 ಸೆಕೆಂಡ್, ನಿಮಿಷಕ್ಕೆ 6 ಉಸಿರು. ಐದು ನಿಮಿಷಕ್ಕೆ 30 ಉಸಿರಾಯಿತು. ಬೆರಳಿನ ಗೆಣ್ಣುಗಳ ಮೇಲೆ ಎಣಿಸಿಕೊಂಡರೆ ಗಡಿಯಾರ ನೋಡಬೇಕಾಗಿಲ್ಲ.

ಈ ಆರರ ಲೆಕ್ಕಕ್ಕೆ ಕಾರಣವಿದೆ. ರಕ್ತದೊತ್ತಡವನ್ನು ಹದದಲ್ಲಿಡುವ ವ್ಯವಸ್ಥೆಗೆ ತನ್ನದೇ ಆದ, ಸುಮಾರು 10 ಸೆಕೆಂಡಿನ ಏರಿಳಿತವಿದೆ. ಉಸಿರು ಆ ಲಯಕ್ಕೆ ಕೂಡಿದಾಗ ಎರಡೂ ಒಂದನ್ನೊಂದು ಬಲಪಡಿಸುತ್ತವೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಇಟಲಿಯ ಲೂಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 23 ಜನ ಲ್ಯಾಟಿನ್ನಿನ ಮರಿಯಾ ಪ್ರಾರ್ಥನೆಯನ್ನೂ 'ಓಂ ಮಣಿ ಪದ್ಮೇ ಓಂ' ಮಂತ್ರವನ್ನೂ ಹೇಳಿದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನದಲ್ಲಿ, ಗಟ್ಟಿಯಾಗಿ ಓಂಕಾರ ಹೇಳುವಾಗ ಭಯ ಮತ್ತು ಭಾವನೆಗೆ ಸಂಬಂಧಪಟ್ಟ ಮಿದುಳಿನ ಭಾಗಗಳ ಚಟುವಟಿಕೆ ಇಳಿದದ್ದು ಕಂಡಿತು. ಬರೀ 'ಸ್ಸ್' ಎಂಬ ಸದ್ದು ಮಾಡಿದಾಗ ಹಾಗಾಗಲಿಲ್ಲ. ಸಣ್ಣ ಅಧ್ಯಯನವಾದ್ದರಿಂದ ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು. ಆದರೆ ಸಂಜೆ ದೀಪ ಹಚ್ಚಿ ಸಹಸ್ರನಾಮ ಹೇಳುವ ಅಜ್ಜಿಗೂ, ಜಪಮಾಲೆ ಎಣಿಸುವ ಮಂಗಳೂರಿನ ಬಾಯಮ್ಮನಿಗೂ ಉದ್ದ ನಿಶ್ವಾಸದ ಅಭ್ಯಾಸ ಪುಕ್ಕಟೆಯಾಗಿ ಸಿಗುತ್ತಿದೆ ಎನ್ನಲು ಅಡ್ಡಿಯಿಲ್ಲ. ದೇವರಲ್ಲಿ ನಂಬಿಕೆ ಇಲ್ಲದವರು ಇಷ್ಟದ ಯಾವುದೇ ಹಾಡನ್ನು ವಿಳಂಬವಾಗಿ ಗುನುಗಿದರೂ ಆಯಿತು.

ಇಲ್ಲಿ ಎಡವುವುದು 'ದೀರ್ಘ ಉಸಿರು ತಗೊಳ್ಳಿ' ಎಂಬ ಸಲಹೆಯಲ್ಲಿ. ಗಾಬರಿಯಲ್ಲಿರುವವರು ಬಾಯಿ ತೆರೆದು, ಎದೆಯುಬ್ಬಿಸಿ, ಬೇಗಬೇಗ ಗಾಳಿ ಎಳೆದುಕೊಳ್ಳುತ್ತಾರೆ. ಆಗ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಅಗತ್ಯಕ್ಕಿಂತ ಕೆಳಗಿಳಿದು, ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ. ತಲೆ ಸುತ್ತುತ್ತದೆ, ಬೆರಳ ತುದಿ ಮತ್ತು ತುಟಿ ಜುಮುಗುಡುತ್ತವೆ. ಹೃದಯಕ್ಕೇ ಏನೋ ಆಯಿತೆಂದು ಗಾಬರಿ ಇಮ್ಮಡಿಸುತ್ತದೆ. ಹಾಗಾದರೆ ಉಸಿರು ಎಳೆಯುವುದನ್ನು ಮರೆತು, ಬಿಡುವುದರ ಮೇಲೆ ಮಾತ್ರ ಗಮನವಿಡಬೇಕು. ಬಿಸಿ ಕಾಫಿ ಆರಿಸುವಾಗ ಊದುವಂತೆ ತುಟಿ ಕೂಡಿಸಿ ಮೆಲ್ಲಗೆ ಬಿಟ್ಟರೆ ಎಳೆಯುವ ಕೆಲಸವನ್ನು ದೇಹವೇ ನೋಡಿಕೊಳ್ಳುತ್ತದೆ.

ಇನ್ನು ನಿದ್ದೆ. ಕಾಯುವ ದಿನಗಳಲ್ಲಿ ಮೊದಲು ಹಾಳಾಗುವುದು ಇದೇ. ರಾತ್ರಿಯಾದಂತೆ ದೇಹದ ಒಳಗಿನ ಉಷ್ಣತೆ ಇಳಿಯಬೇಕು, ಆಗಲೇ ನಿದ್ದೆ ಹತ್ತುವುದು. ಆ ಶಾಖ ಹೊರಹೋಗುವ ಮುಖ್ಯ ಬಾಗಿಲುಗಳು ಅಂಗೈ ಮತ್ತು ಅಂಗಾಲು. ಅಲ್ಲಿನ ರಕ್ತನಾಳಗಳು ತೆರೆದುಕೊಂಡರೆ ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬಂದು ತಣಿಯುತ್ತದೆ. ಆತಂಕದಲ್ಲಿ ಈ ನಾಳಗಳು ಮುಚ್ಚಿಕೊಂಡಿರುತ್ತವೆ, ಅದಕ್ಕೇ ಹೆದರಿದಾಗ ಕೈಕಾಲು ತಣ್ಣಗಾಗುವುದು. ಬಿಸಿನೀರು ಅವನ್ನು ತೆರೆಸುತ್ತದೆ. ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಟೆಕ್ಸಾಸ್ ವಿಶ್ವವಿದ್ಯಾಲಯದವರು 2019ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: 40ರಿಂದ 42.5 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ, ಹತ್ತೇ ನಿಮಿಷ ಸ್ನಾನ ಮಾಡಿದರೂ ನಿದ್ದೆ ಬೇಗ ಬರುತ್ತದೆ.

ಸ್ನಾನಕ್ಕೆ ಅನುಕೂಲವಿಲ್ಲದಿದ್ದರೆ ಕಾಲು ಮಾತ್ರ ಬಿಸಿನೀರಲ್ಲಿ ಇಳಿಬಿಟ್ಟರೂ ಉಪಯೋಗವಿದೆ. ಅಗಲ ಬಾಯಿಯ ಬಕೆಟ್ ಅಥವಾ ಟಬ್ಬು, ಕಣಕಾಲು ಮುಳುಗುವಷ್ಟು ನೀರು. ಥರ್ಮಾಮೀಟರ್ ಇಲ್ಲದೆ 40 ಡಿಗ್ರಿ ಹದ ಮಾಡುವುದು ಸುಲಭ. ನಲ್ಲಿ ನೀರು 25 ಡಿಗ್ರಿ ಇರುವ ದಿನಗಳಲ್ಲಿ ನಾಲ್ಕು ಲೀಟರ್ ನಲ್ಲಿ ನೀರಿಗೆ ಒಂದು ಲೀಟರ್ ಕುದಿನೀರು ಬೆರೆಸಿದರೆ ಸುಮಾರು 40 ಆಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಅರ್ಧ ಲೋಟ ಜಾಸ್ತಿ ಬೇಕಾದೀತು. ಧನುರ್ಮಾಸದ ಚಳಿಯಲ್ಲಿ ನಲ್ಲಿ ನೀರು 20ಕ್ಕಿಳಿದರೆ ನಾಲ್ಕರ ಬದಲು ಮೂರು ಲೀಟರ್ ತಣ್ಣೀರು ಸಾಕು. ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಕುದಿನೀರು, ಕೈಯಾಡಿಸಿದ ನಂತರವೇ ಕಾಲು. 15 ನಿಮಿಷ ಸಾಕು. ತೆಗೆದ ಮೇಲೆ ಬೆರಳ ಸಂದಿಗಳನ್ನೂ ಒರೆಸಿ, ಹತ್ತಿಯ ಕಾಲುಚೀಲ ಹಾಕಿಕೊಂಡರೆ ಪಾದ ಬೇಗ ತಣ್ಣಗಾಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಮಂದವಾದವರು ತಾವೇ ಬಿಸಿ ನೋಡಬಾರದು. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ, ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ. ಮನೆಯ ಬೇರೊಬ್ಬರು ಮೊಣಕೈ ಅದ್ದಿ ಹೇಳಬೇಕು. ಇನ್ನೊಂದು ಸಾಮಾನ್ಯ ತಪ್ಪು, ಸುಡುಸುಡು ನೀರು ಮಿಂದು ಆ ಕ್ಷಣವೇ ಹಾಸಿಗೆಗೆ ಹೋಗುವುದು. ದೇಹದ ಒಳಗು ಇನ್ನೂ ಬಿಸಿಯಾಗಿರುವುದರಿಂದ ಹೊರಳಾಟವೇ ಆಗುತ್ತದೆ.

ಕಾಫಿಯ ಬಗ್ಗೆ ಚುಟುಕಾಗಿ. ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕು. ಸಂಜೆ ಐದಕ್ಕೆ ಒಳಗೆ ಹೋದದ್ದರಲ್ಲಿ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮತ್ತು ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು ಹೊತ್ತು. ಆದರೆ ಸಂಜೆಯ ಲೋಟದ ಬಿಸಿ, ಪರಿಮಳ, ಕೂತು ಕುಡಿಯುವ ಆ ಹತ್ತು ನಿಮಿಷ, ಇವು ಬಿಡಬೇಕಾದವಲ್ಲ. ಮಧ್ಯಾಹ್ನ ಎರಡರ ನಂತರ ಕೊತ್ತಂಬರಿ, ಜೀರಿಗೆ, ಚೂರು ಮೆಣಸು ಹಾಕಿದ ಮಲೆನಾಡಿನ ಕಷಾಯಕ್ಕೆ ಬದಲಾದರೆ ಎಲ್ಲವೂ ಉಳಿದು ಕೆಫೀನ್ ಮಾತ್ರ ಹೋಗುತ್ತದೆ.

ಹಾಸಿಗೆಯಲ್ಲಿ ತಲೆ ತಿರುಗಿಸುವ ಯೋಚನೆಗಳಿಗೆ ಕಾಗದವೇ ಮದ್ದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 57 ಜನ ಮಲಗುವ ಮುಂಚೆ ಐದು ನಿಮಿಷ ಬರೆದರು. ಅರ್ಧದಷ್ಟು ಜನ ಆಗಲೇ ಮುಗಿಸಿದ ಕೆಲಸಗಳನ್ನು ಬರೆದರೆ, ಉಳಿದವರು ಮುಂದಿನ ದಿನಗಳಲ್ಲಿ ಮಾಡಬೇಕಾದವನ್ನು ಬರೆದರು. ಎರಡನೆಯವರು ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ಪಟ್ಟಿ ಬಿಡಿಬಿಡಿಯಾಗಿದ್ದಷ್ಟೂ ಫಲ ಹೆಚ್ಚು. 'ಆಸ್ಪತ್ರೆ ಕೆಲಸ' ಎಂದು ಬರೆದರೆ ಸಾಲದು. 'ಹಳೆಯ ಸ್ಕ್ಯಾನ್ ಕವರಿನಲ್ಲಿ ಹಾಕಿಡು, ವಿಮೆಯ ಕಾರ್ಡಿನ ಜೆರಾಕ್ಸ್ ಎರಡು ಪ್ರತಿ, ಡಾಕ್ಟರರಿಗೆ ಕೇಳಬೇಕಾದ ಮೂರು ಪ್ರಶ್ನೆ' ಎಂದಿರಬೇಕು. ಬರೆದಿಟ್ಟದ್ದನ್ನು ನೆನಪಿನಲ್ಲಿ ಹಿಡಿದಿಡುವ ಹೊರೆ ಮಿದುಳಿಗೆ ತಪ್ಪುತ್ತದೆ.

ಕೆಲಸದ ರೂಪಕ್ಕೆ ಇಳಿಸಲಾಗದ ಚಿಂತೆಗಳಿಗೆ ಬೇರೆ ಉಪಾಯ. ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಹೋದ್ಯೋಗಿಗಳು 1983ರಲ್ಲಿ ವಿವರಿಸಿದ ಕ್ರಮದಲ್ಲಿ ಚಿಂತೆಗೂ ಒಂದು ಹೊತ್ತು, ಒಂದು ಜಾಗ ಗೊತ್ತುಮಾಡುತ್ತಾರೆ. ದಿನಾ ಸಂಜೆ ಆರಕ್ಕೆ, ಹಿತ್ತಲ ಕಟ್ಟೆಯ ಮೇಲೆ, ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಪದ ಗೀಚಿಟ್ಟು, 'ಆರಕ್ಕೆ ನೋಡೋಣ' ಎಂದು ಕೈಯಲ್ಲಿದ್ದ ಕೆಲಸಕ್ಕೆ ಮರಳುವುದು. ಚಿಂತಿಸಬೇಡ ಎಂದು ಮನಸ್ಸಿಗೆ ಹೇಳಿದರೆ ಅದು ಕೇಳುವುದಿಲ್ಲ, ಆಮೇಲೆ ಎಂದರೆ ಎಷ್ಟೋ ಸಲ ಕೇಳುತ್ತದೆ. ಮೊದಲ ವಾರ ದಿನಕ್ಕೆ ಮೂವತ್ತು ಸಲ ಮುಂದೂಡಬೇಕಾಗಬಹುದು, ಅದು ಸೋಲಲ್ಲ. ಈ ಹೊತ್ತನ್ನು ಮಲಗುವ ವೇಳೆಗೂ ಹಾಸಿಗೆಗೂ ತರಬಾರದು, ತಂದರೆ ಹಾಸಿಗೆ ಕಂಡೊಡನೆ ಎಚ್ಚರವಾಗುವ ಅಭ್ಯಾಸ ಬೆಳೆಯುತ್ತದೆ. ಮಲಗಿ 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮತ್ತೆ ಮಲಗಬೇಕು.

ಫೋನು ಇದೆಲ್ಲವನ್ನೂ ಕೆಡಿಸಬಲ್ಲದು. ಇಮೇಲ್ ತೆರೆದಾಗಲೆಲ್ಲ ವರದಿ ಬಂದಿರಬಹುದು, ಇಲ್ಲದಿರಬಹುದು. ಅಂದರೆ ಪ್ರತಿ ಸಲವೂ ಹಾವಿನ ಕಲ್ಲನ್ನು ಎತ್ತಿದಂತೆಯೇ. ಬೆಳಿಗ್ಗೆ 11ಕ್ಕೊಮ್ಮೆ, ಸಂಜೆ 4ಕ್ಕೊಮ್ಮೆ ನೋಡುವುದೆಂದು ನಿಶ್ಚಯಿಸಿ, ಮಿಕ್ಕ ಹೊತ್ತು ಸೂಚನೆಗಳ ಸದ್ದು ನಿಲ್ಲಿಸಿಟ್ಟರೆ ದಿನಕ್ಕೆ ಎರಡೇ ಕಲ್ಲು. ವೈಸ್‌ನ ಮೊದಲ ಇಲಿಗೆ ಸಿಕ್ಕ ನಿರಾಳದ ಹೊತ್ತು ಇದೇ. ತುರ್ತು ಕರೆ ಬರಬಹುದಾದ ಒಂದೆರಡು ನಂಬರುಗಳ ಸದ್ದು ಮಾತ್ರ ಉಳಿಸಿಕೊಳ್ಳಿ. ಇಲ್ಲದಿದ್ದರೆ 'ಮುಖ್ಯವಾದದ್ದೇ ತಪ್ಪಿಹೋದರೆ' ಎಂಬ ಹೊಸ ಆತಂಕ ಶುರುವಾಗುತ್ತದೆ.

ಹಿಡಿತದಲ್ಲಿರುವ ಒಂದು ಸಣ್ಣ ಕೆಲಸವೂ ದೊಡ್ಡ ಆಸರೆ. 1976ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್‌ನ ವೃದ್ಧಾಶ್ರಮವೊಂದರಲ್ಲಿ ಎರಡು ಮಹಡಿಯವರಿಗೆ ಗಿಡ ಕೊಟ್ಟರು. ಒಂದು ಮಹಡಿಯವರಿಗೆ ನೀವೇ ಆರೈಕೆ ಮಾಡಿ, ನಿಮ್ಮ ದಿನಚರಿಯನ್ನೂ ನೀವೇ ತೀರ್ಮಾನಿಸಿ ಎಂದರು. ಇನ್ನೊಂದು ಮಹಡಿಯವರ ಗಿಡಕ್ಕೆ ದಾದಿಯರೇ ನೀರು ಹಾಕಿದರು. ಮೂರು ವಾರ ಕಳೆಯುವಷ್ಟರಲ್ಲಿ ಮೊದಲನೆಯವರು ಹೆಚ್ಚು ಚುರುಕಾಗಿ, ಗೆಲುವಾಗಿ ಇದ್ದರು. ಕಷ್ಟದಲ್ಲಿರುವವರ ಕೈಯಿಂದ ಎಲ್ಲ ಕೆಲಸವನ್ನೂ ಕಸಿದುಕೊಂಡು 'ನೀವು ಸುಮ್ಮನೆ ಕೂತಿರಿ' ಎನ್ನುವ ನಮ್ಮ ಮನೆಗಳ ಪ್ರೀತಿ ಇಲ್ಲಿ ತುಸು ಯೋಚಿಸಬೇಕು. ಅವರೆಕಾಯಿ ಸುಲಿಯುವುದು, ಮಲ್ಲಿಗೆ ಮಾಲೆ ಕಟ್ಟುವುದು, ತುಳಸಿಗೆ ನೀರು ಹಾಕುವುದು, ಇವು ಶುರು ಮಾಡಿದರೆ ಮುಗಿಯುವ ಕೆಲಸಗಳು. ಮುಗಿದದ್ದು ಕಣ್ಣಿಗೆ ಕಾಣುತ್ತದೆ. ಅವರಿಗೇ ಬಿಡಿ.

ಎರಡು ವಾರ ದಾಟಿದರೂ ನಿದ್ದೆ, ಊಟ, ಕೆಲಸ ಹಳಿಗೆ ಬಾರದಿದ್ದರೆ, ಸಂಜೆಯ ನೆಮ್ಮದಿಗೆ ಮದ್ಯ ಬೇಕೇ ಬೇಕು ಎನ್ನಿಸತೊಡಗಿದರೆ, ಕಷಾಯ ಬಿಸಿನೀರುಗಳ ಮೇಲೆ ಭಾರ ಹಾಕಿ ಕೂರಬಾರದು, ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರಂತೂ ಒಂದು ದಿನವೂ ಕಾಯಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಜೊತೆಯಲ್ಲಿ ಯಾರಾದರೂ ಕಾಯುತ್ತಿದ್ದರೆ ಅವರಿಗೆ ಮಾಡಬಹುದಾದದ್ದೂ ಇದೆ. ರೋಮವಿರುವ ಚರ್ಮದಲ್ಲಿ, ಮುಖ್ಯವಾಗಿ ಮುಂಗೈ ಮತ್ತು ಬೆನ್ನಿನಲ್ಲಿ, ಹಿತವಾದ ಸವರುವಿಕೆಯನ್ನು ಗುರುತಿಸಲೆಂದೇ ಇರುವ ಬಹಳ ತೆಳ್ಳನೆಯ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಯ ಬಿಸುಪಿರುವ ಕೈಯಿಂದ ಸವರಿದಾಗ ಅವು ಚೆನ್ನಾಗಿ ಮಿಡಿಯುತ್ತವೆ. ಅವಸರದಲ್ಲಿ ಉಜ್ಜಿದರೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಮಗುವನ್ನು ಸವರುವ ತಂದೆತಾಯಿಯರ ಕೈ ಯಾರೂ ಹೇಳಿಕೊಡದೆಯೇ ಈ ವೇಗಕ್ಕೆ ಬರುತ್ತದೆ. ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಹೇಳಲು ಮಾತು ಸಿಗದಿದ್ದಾಗ, ಅವರಿಗೆ ಒಪ್ಪಿಗೆಯಿದ್ದರೆ, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಅವರ ಮೊಣಕೈಯಿಂದ ಮಣಿಕಟ್ಟಿನವರೆಗೆ ಸವರಿ. ಸುಮಾರು 25 ಸೆಂಟಿಮೀಟರ್ ದೂರ. ಎಂಟು ಸೆಕೆಂಡ್ ತೆಗೆದುಕೊಳ್ಳಿ.