ಕುಂಟುವ ಮೀನಿನ ವೇಷ

ಟ್ರೋಲ್ ಎಂದರೆ ಈಗ ನಮಗೆಲ್ಲ ಜಾಲತಾಣದಲ್ಲಿ ಕಾಲೆಳೆಯುವುದು. ಮಲ್ಪೆ, ಮಂಗಳೂರಿನವರಿಗಾದರೆ ಕಡಲ ತಳ ಗುಡಿಸುವ ಟ್ರಾಲ್ ಬೋಟು ನೆನಪಾದೀತು. ನಾನು ಹೇಳಹೊರಟದ್ದು ಎರಡೂ ಅಲ್ಲ. ಸರೋವರದಲ್ಲಿ ದೋಣಿ ನಿಧಾನವಾಗಿ ಸಾಗುತ್ತಿದೆ. ಹಿಂದೆ ಉದ್ದನೆಯ ದಾರ, ತುದಿಯಲ್ಲಿ ಮರದ್ದೋ ಪ್ಲಾಸ್ಟಿಕ್ಕಿನದೋ ಒಂದು ಹುಸಿ ಮೀನು. ಎರೆಹುಳು ಇಲ್ಲ, ವಾಸನೆ ಇಲ್ಲ, ರುಚಿಯಂತೂ ಇಲ್ಲವೇ ಇಲ್ಲ. ಆದರೂ ದೊಡ್ಡ ಮೀನು ಬಂದು ಕಚ್ಚುತ್ತದೆ. ಈ ಟ್ರೋಲಿಂಗ್‌ನಲ್ಲಿ ಮೀನು ಮೋಸಹೋಗುವುದು ಯಾವುದಕ್ಕೆ?

ಫಿನ್ಲೆಂಡಿನ ಪೈಯಾನ್ನೆ ಸರೋವರದಲ್ಲಿ ಮೀನು ಹಿಡಿದು ಬದುಕುತ್ತಿದ್ದ ಲೌರಿ ರಾಪಾಲಾ ಉತ್ತರವನ್ನು ನೋಡಿಯೇ ಕಂಡುಕೊಂಡ. ಪೈಕ್, ಟ್ರೌಟ್‌ನಂಥ ಬೇಟೆ ಮೀನುಗಳು ಸಣ್ಣ ಮೀನುಗಳ ಹಿಂಡಿಗೆ ನುಗ್ಗಿದಾಗ ಗುರಿಯಿಡುತ್ತಿದ್ದುದು ಗಾಯಗೊಂಡು ವಾಲಾಡುತ್ತ ಈಜುವ ಮೀನಿಗೆ. ಗಟ್ಟಿಮುಟ್ಟಾದದ್ದನ್ನು ಅಟ್ಟಿಸಿಕೊಂಡು ಹೋದರೆ ಖರ್ಚೇ ಹೆಚ್ಚು, ಗಿಟ್ಟುವುದು ಕಡಿಮೆ. 1936ರಲ್ಲಿ ಆತ ಬೆಂಡು ಕೆತ್ತಿ, ಚಾಕಲೇಟಿನ ತಗಡುಕಾಗದ ಸುತ್ತಿ, ಫೋಟೊ ಫಿಲ್ಮ್ ಕರಗಿಸಿ ಮೇಲೆ ಬಳಿದು ಒಂದು ಮೀನು ಮಾಡಿದ. ಅದರ ಚೆಲುವಿಗಿಂತ ಅದರ ಕುಂಟು ನಡಿಗೆಯೇ ಅವನಿಗೆ ಮುಖ್ಯವಾಗಿತ್ತು. (1962ರಲ್ಲಿ ಅಮೆರಿಕದ ಲೈಫ್ ಪತ್ರಿಕೆ ಇದರ ಬಗ್ಗೆ ಬರೆಯಿತು. ಅದೇ ಸಂಚಿಕೆಯ ಮುಖಪುಟದಲ್ಲಿ ಆಗಷ್ಟೇ ತೀರಿಕೊಂಡಿದ್ದ ಮರಿಲಿನ್ ಮನ್ರೋ ಇದ್ದದ್ದು ಬೆಂಡಿನ ಮೀನಿನ ಅದೃಷ್ಟ.)

ಆ ಕುಂಟು ಹುಟ್ಟುವುದು ಹುಸಿ ಮೀನಿನ ಬಾಯಿಯ ಕೆಳಗೆ ತುಟಿಯಂತೆ ಓರೆಯಾಗಿ ಕೂರಿಸಿದ ಪುಟ್ಟ ಹಲಗೆಯಿಂದ. ನೀರು ತುಂಬಿದ ಹಂಡೆಯಲ್ಲಿ ಅಗಲ ಸೌಟನ್ನು ಎದೆಯೊಡ್ಡಿ ಎಳೆದು ನೋಡಿ, ಹಿಡಿ ಅತ್ತಿತ್ತ ತುಯ್ಯುತ್ತದೆ. ಸೌಟಿನ ಎರಡು ಅಂಚುಗಳಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಗಳು ಕಳಚಿಕೊಳ್ಳುತ್ತವೆ. ಅದರ ಜೊತೆಗೆ ಒತ್ತಡವೂ ಪಕ್ಕ ಬದಲಿಸುತ್ತದೆ. ತುಟಿಯೂ ಹಾಗೆಯೇ ಮೈಯನ್ನು ತೂಗಿಸುತ್ತ, ನೀರಿನ ಒತ್ತಡದಿಂದ ಹುಸಿ ಮೀನನ್ನು ಆಳಕ್ಕೂ ಇಳಿಸುತ್ತದೆ. ದಾರ ಕಟ್ಟುವ ಕೊಂಡಿ ಕೂದಲೆಳೆಯಷ್ಟು ಸೊಟ್ಟಗಾದರೂ ಮೀನು ಒಂದೇ ಪಕ್ಕಕ್ಕೆ ಓಡುತ್ತದೆ.

ಈ ತೂಗಾಟವನ್ನು ಬೇಟೆ ಮೀನು ಕಣ್ಣಿಗೆ ಕಾಣದಿದ್ದರೂ ಮೈಯಿಂದಲೇ ಅರಿಯಬಲ್ಲದು. ಮೀನಿನ ಪಕ್ಕೆಯುದ್ದಕ್ಕೂ ಒಂದು ಗೆರೆ ಕಾಣುತ್ತದಲ್ಲ, ಮೀನು ಹೆಚ್ಚುವವರಿಗೆ ಅದು ಚೆನ್ನಾಗಿ ಗೊತ್ತು. ಅದರೊಳಗೆ ಲೋಳೆಯ ಟೊಪ್ಪಿಗೆ ಹೊದ್ದ ರೋಮಕೋಶಗಳಿವೆ. ನಮ್ಮ ಒಳಕಿವಿಯಲ್ಲಿರುವುದೂ ಅದೇ ಜಾತಿಯ ಕೋಶಗಳು. ನೀರು ಅಲುಗಿದರೆ ಟೊಪ್ಪಿಗೆ ಬಾಗುತ್ತದೆ, ನರಕ್ಕೆ ಸುದ್ದಿ ಮುಟ್ಟುತ್ತದೆ. ಹತ್ತಿರ ಬಂದ ಬೇಟೆಯ ಮಟ್ಟಿಗೆ ಇದು ಕತ್ತಲಲ್ಲೂ ಕೆಲಸ ಮಾಡುತ್ತದೆ.

ಬಣ್ಣದ ಕಥೆ ಇನ್ನೂ ಮೋಜಿನದು. ತಿಳಿನೀರಿನಲ್ಲಿ ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬೆಳಕು ಕರಗಿಹೋಗಿ ಕೆಂಪು ಲ್ಯೂರ್ (ಈ ಹುಸಿ ಮೀನಿಗೆ ಅದೇ ಹೆಸರು) ಕಪ್ಪಾಗಿ ಕಾಣುತ್ತದೆ. ಆದರೆ ಕೊಳೆತ ಸೊಪ್ಪು ಬಸಿದು ಚಹಾದ ಬಣ್ಣಕ್ಕೆ ತಿರುಗಿದ ಉತ್ತರದ ಸರೋವರಗಳಲ್ಲಿ ಮೊದಲು ಸಾಯುವುದು ನೀಲಿ, ಕೊನೆಗೆ ಉಳಿಯುವುದೇ ಕೆಂಪು. ಅಂಗಡಿಯಲ್ಲಿ ಮಿರಿಮಿರಿ ಮಿಂಚುವ ಬಣ್ಣಗಳು ಮೀನಿಗಿಂತ ಮೊದಲು ಗಿರಾಕಿಯನ್ನು ಹಿಡಿಯುತ್ತವೆ ಎಂಬ ಗುಮಾನಿ ನನಗಿದೆ.

ಇಷ್ಟೆಲ್ಲ ಇದ್ದರೂ ಮೀನಿಲ್ಲದ ಆಳದಲ್ಲಿ ಎಳೆದರೆ ದಂಡ. ಬೇಸಿಗೆಯಲ್ಲಿ ಚಳಿನಾಡಿನ ಆಳವಾದ ಸರೋವರ ಎರಡು ಅಂತಸ್ತಿನ ಮನೆಯಾಗುತ್ತದೆ. ಮೇಲೆ ಬಿಸಿಲು ಕಾಯಿಸಿದ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು, ತೀರ ತಳದಲ್ಲಿ 4 ಡಿಗ್ರಿಯ ಆಸುಪಾಸು. ಸಿಹಿನೀರು ಅತ್ಯಂತ ಸಾಂದ್ರವಾಗುವುದು ಆ ಉಷ್ಣತೆಯಲ್ಲಿಯೇ. ಎರಡರ ನಡುವೆ ಉಷ್ಣತೆ ದಿಢೀರನೆ ಕುಸಿಯುವ ತೆಳು ಪದರವಿದೆ. ಬಿಸಿ ಸಹಿಸದ ಟ್ರೌಟ್ ಅದರ ಆಜೂಬಾಜು ಸುಳಿದಾಡುತ್ತದೆ. ಅಮೆರಿಕದ ಮಿಶಿಗನ್ ಸರೋವರದ ಮೀನುಗಾರರು ದಾರಕ್ಕೆ ಭಾರದ ಗುಂಡಿನ ಜೊತೆ ಕೊಟ್ಟು ಲ್ಯೂರನ್ನು ಆ ಆಳಕ್ಕೇ ಇಳಿಸುತ್ತಾರೆ. ಮೀನು ಕಚ್ಚಿದೊಡನೆ ದಾರ ಗುಂಡಿನಿಂದ ಕಳಚಿಕೊಳ್ಳುತ್ತದೆ.

ಉಳಿದದ್ದು ವೇಗ. ಅನುಭವಿಗಳು ದೋಣಿಯನ್ನು ನೆಟ್ಟಗೆ ಓಡಿಸುವುದಿಲ್ಲ, ಹಾವಿನಂತೆ ಬಳುಕಿಸುತ್ತಾರೆ. ದೋಣಿಯ ಎರಡೂ ಪಕ್ಕ ಗಾಳದ ಕೋಲುಗಳಿದ್ದರೆ, ತಿರುವಿನಲ್ಲಿ ಹೊರಗಿನ ಲ್ಯೂರ್ ಬೆದರಿದಂತೆ ಧಾವಿಸುತ್ತದೆ, ಒಳಗಿನದು ಸುಸ್ತಾದಂತೆ ತಡವರಿಸುತ್ತದೆ. ಮೀನು ಕಚ್ಚಿ ಒಳಗಿನ ಕೋಲು ಬಾಗಿತೋ, ಎಂಜಿನ್ನಿನ ಸದ್ದು ತುಸು ತಗ್ಗುತ್ತದೆ. ಹೊರಗಿನದು ಬಾಗಿತೋ, ಚಾಲಕ ವೇಗ ಏರಿಸುತ್ತಾನೆ.