ಒಬ್ಬನೇ ನಟ, ಎಂಟು ಪಾತ್ರ: ಎಲ್ಲ ಮೇಕಪ್ ಮಹಿಮೆಯಾ?

ಪ್ರಶ್ನೆ: ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ನಲ್ಲಿ ಅಲೆಕ್ ಗಿನ್ನೆಸ್ ಎಂಟು ಪಾತ್ರ ಮಾಡಿದ್ದಾರೆ ಅಂತ ಎಲ್ಲರೂ ಹೊಗಳುತ್ತಾರೆ. ವಿಗ್, ಮೀಸೆ ಹಾಕಿಕೊಂಡರೆ ಯಾರು ಬೇಕಾದರೂ ಮಾಡಬಹುದಲ್ವಾ?

ಮೀಸೆ ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು, ಒಪ್ಪಿದೆ. ಆದರೆ ಇಲ್ಲಿ ಕಷ್ಟ ಇರುವುದು ಬೇರೆ ಕಡೆ.

1949ರ ಈ ಸಿನಿಮಾ ಲಂಡನ್ನಿನ ಈಲಿಂಗ್ ಸ್ಟುಡಿಯೋದ್ದು. ನಿರ್ದೇಶಕ ರಾಬರ್ಟ್ ಹ್ಯಾಮರ್. ಇಟಲಿಯ ಗಾಯಕನನ್ನು ಮದುವೆಯಾದಳು ಅಂತ ಡ್ಯೂಕ್ ಮನೆತನ ಮಗಳನ್ನು ಹೊರಗೆ ಹಾಕುತ್ತದೆ, ಅವಳು ಸತ್ತಾಗ ಕುಟುಂಬದ ಸಮಾಧಿಯಲ್ಲೂ ಜಾಗ ಕೊಡುವುದಿಲ್ಲ. ಸಿಟ್ಟಿಗೆದ್ದ ಮಗ ಲೂಯಿ, ತನಗೂ ಡ್ಯೂಕ್ ಪಟ್ಟಕ್ಕೂ ನಡುವೆ ಇರುವವರನ್ನು ಒಬ್ಬೊಬ್ಬರಾಗಿ ಮುಗಿಸಲು ಹೊರಡುತ್ತಾನೆ. ಆ ಮನೆತನದವರೆಲ್ಲ ಗಿನ್ನೆಸ್ಸೇ. ಮೊದಲು ಅವರಿಗೆ ಬಂದಿದ್ದು ನಾಲ್ಕೇ ಪಾತ್ರ, ಎಂಟೂ ಕೊಡಿ ಅಂತ ಕೇಳಿದ್ದು ಅವರೇ.

ಈಗ ಗಮನಿಸಿ. ಇವರೆಲ್ಲ ಒಂದೇ ರಕ್ತದವರು. ಬೇರೆ ಬೇರೆ ಕಾಣಬೇಕು, ಜೊತೆಗೆ ಒಂದೇ ಮನೆಯವರ ಹಾಗೂ ಕಾಣಬೇಕು! ಹಲವು ಪಾತ್ರ ಸಿಕ್ಕ ನಟರು ಸಾಮಾನ್ಯವಾಗಿ ಒಂದೊಂದನ್ನೂ ಎಳೆದಾಡಿ ಜಾಸ್ತಿ ಮಾಡಿಬಿಡುತ್ತಾರೆ. ಗಿನ್ನೆಸ್ ಉಲ್ಟಾ. ತನ್ನ ಚರ್ಚಿನ ಬಗ್ಗೆ ಕೊರೆಯುತ್ತಲೇ ಇರುವ ಮುದಿ ಪಾದ್ರಿ, ಹೆಂಡತಿಗೆ ಗೊತ್ತಾಗದಂತೆ ಫೋಟೊ ತೊಳೆಯುವ ಕೋಣೆಯಲ್ಲಿ ಕುಡಿಯುವ ಹೆನ್ರಿ, ಬಲೂನಿನಲ್ಲಿ ಹೋಗಿ ಬಾಣಕ್ಕೆ ಬೀಳುವ ಲೇಡಿ ಅಗಾಥಾ, ಯಾರೂ ನಗಿಸಬೇಕು ಅಂತ ಒದ್ದಾಡುವುದಿಲ್ಲ. ಅಡ್ಮಿರಲ್ ಅಂತೂ ಬಂದಷ್ಟೇ ಬೇಗ ಹಡಗಿನ ಜೊತೆ ಮುಳುಗಿ ಹೋಗುತ್ತಾನೆ, ಅವನನ್ನು ಲೂಯಿ ಕೊಲ್ಲುವ ಗೋಜೇ ಇಲ್ಲ.

ಚರ್ಚಿನಲ್ಲಿ ಆರು ಗಿನ್ನೆಸ್ ಒಟ್ಟಿಗೆ ಕೂತಿರುವ ಶಾಟ್ ಇದೆಯಲ್ಲ, ಅದರಲ್ಲಿ ಕಂಪ್ಯೂಟರ್ ಕೈವಾಡ ಏನೂ ಇಲ್ಲ. ಛಾಯಾಗ್ರಾಹಕ ಡಗ್ಲಸ್ ಸ್ಲೊಕೊಂಬ್ ಕ್ಯಾಮೆರಾವನ್ನು ಅಲುಗಾಡದಂತೆ ಬಿಗಿದು, ಫ್ರೇಮಿನ ಒಂದು ಭಾಗ ಬಿಟ್ಟು ಉಳಿದಿದ್ದನ್ನು ಮುಚ್ಚಿ, ಒಬ್ಬರನ್ನು ಚಿತ್ರಿಸಿ, ರೀಲನ್ನು ಹಿಂದಕ್ಕೆ ಸುತ್ತಿ ಮುಂದಿನವರನ್ನು ಚಿತ್ರಿಸುತ್ತಿದ್ದರು. ಯಾರಾದರೂ ತಾಗಿಸಿಬಿಟ್ಟರೆ ಅಂತ ರಾತ್ರಿ ಕ್ಯಾಮೆರಾ ಪಕ್ಕದಲ್ಲೇ ಮಲಗುತ್ತಿದ್ದರಂತೆ.

ಹೊಗಳಿಕೆಯೆಲ್ಲ ಗಿನ್ನೆಸ್‌ಗೆ ಹೋಗಿ ಡೆನಿಸ್ ಪ್ರೈಸ್ ಮರೆತುಹೋಗುತ್ತಾರೆ, ಅದು ನನಗೆ ಬೇಜಾರು. ಲೂಯಿ ಆಗಿ ಸಿನಿಮಾ ಹೊತ್ತಿರುವುದು ಅವರು. ಕೊಲೆಗಳನ್ನು ಚಹಾ ಕುಡಿದಷ್ಟು ಸಮಾಧಾನವಾಗಿ ವಿವರಿಸುವ ಆ ದನಿ ಇಲ್ಲದಿದ್ದರೆ ನಗು ಹುಟ್ಟುವುದೇ ಇಲ್ಲ. ಲೂಯಿಯ ಅಪ್ಪನೂ ಅವರೇ!

ಹಾಗಂತ ಗಿನ್ನೆಸ್ ಹಾಕಿದ ವೇಷವೆಲ್ಲ ಒಪ್ಪಿತು ಅಂತಲ್ಲ. ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದ ‘ಎ ಪ್ಯಾಸೇಜ್ ಟು ಇಂಡಿಯಾ’ಗೆ ನಮ್ಮ ಬೆಂಗಳೂರು, ಸಾವನದುರ್ಗದ ಕಡೆ ಶೂಟಿಂಗ್ ಆಗಿತ್ತು. ಅದರಲ್ಲಿ ಬ್ರಿಟಿಷರಾದ ಗಿನ್ನೆಸ್ ಭಾರತೀಯ ಪ್ರೊಫೆಸರ್ ಗೋಡ್ಬೋಲೆ. ನೋಡಿದರೆ ನಿಮ್ಮ ‘ಬರೀ ಮೇಕಪ್’ ಮಾತು ಅಲ್ಲಿಗೆ ಸರಿಯಾಗಿ ಹೊಂದುತ್ತದೆ.