ಪರಂಗಿ ಮಾಳು ಬಾಟಲಿಗೆ ಬಿದ್ದ ಮೇಲೆ ಗಡಿಯಾರ ನೋಡಿ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರುತ್ತವೆ. ಗಾಜಿನ ಬಾಟಲಿ, ಅದರ ತುಂಬ ವೋಡ್ಕಾ, ಒಳಗೆ ಒಂದು ಮುಷ್ಟಿ ಪರಂಗಿ ಮಾಳು ಮೆಣಸು. ‘15 ದಿನ ಆಯ್ತು, ಈಗ ಕುಡಿಯಬಹುದಾ?’ ಬೇಡ ಮಾರಾಯ್ರೇ. ಅದನ್ನು ಹಾಕಿದ ದಿನ ಸಂಜೆಯೇ ಸೋಸಬೇಕಿತ್ತು.

ಕೊಡಗಿನ ರೆಸಾರ್ಟ್ ಬಾರ್‌ಗಳಲ್ಲೇ ದುಡಿದು ಬಂದವನು ನಾನು. ಈ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ವರ್ಷ ಹಬ್ಬಕ್ಕೆಂದು 12 ಮೆಣಸು ಸೀಳಿ 750 ಎಂಎಲ್ ವೋಡ್ಕಾಕ್ಕೆ ಹಾಕಿ, ಅಟ್ಟದ ಮೇಲಿಟ್ಟು ಮರೆತುಬಿಟ್ಟೆ. ಹಬ್ಬದ ದಿನ ನೆನಪಾಯಿತು. ಬಾವ ಒಂದು ಗುಟುಕು ಕುಡಿದರು, ಏನೂ ಮಾತಾಡದೆ ಎದ್ದು ಹಿತ್ತಲಿಗೆ ಹೋದರು. ಆ ಬಾಟಲಿ ಮುಂದೆ ಪಂದಿ ಕರಿಗೆ ಚಮಚ ಚಮಚವಾಗಿ ಖರ್ಚಾಯಿತು.

ಪರಂಗಿ ಮಾಳು ಅಂದರೆ ಬಯಲುಸೀಮೆಯವರು ಸೂಜಿ ಮೆಣಸು, ಜೀರಿಗೆ ಮೆಣಸು ಅನ್ನುವ ಜಾತಿಯದು. ಪರಂಗಿ ಅಂದರೆ ಹೊರದೇಶದ್ದು. ಪೋರ್ಚುಗೀಸರ ಜೊತೆ ಅಮೆರಿಕದಿಂದ ಬಂದ ಕಾಯಿಗೆ ನಮ್ಮವರು ಇಟ್ಟ ಹೆಸರು ಸರಿಯಾಗೇ ಇದೆ. ಕಾಫಿ ಗಿಡದ ಸಾಲಲ್ಲಿ ಇದನ್ನು ಯಾರೂ ನೆಡುವುದಿಲ್ಲ, ಹಕ್ಕಿಗಳು ನೆಡುತ್ತವೆ. ಹಕ್ಕಿಗೆ ಈ ಖಾರ ತಾಗುವುದೇ ಇಲ್ಲ. ಅದು ಹಣ್ಣು ನುಂಗಿ ಬೀಜವನ್ನು ಎಲ್ಲೋ ಹಾಕಿ ಹೋಗುತ್ತದೆ.

ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಅದು ಇರುವುದು ಬೀಜದಲ್ಲಿ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನಿಜವಾಗಿ ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಲ್ಲಿ. ನೀರಿಗೆ ಅದು ಬಿಡುವುದು ಬಹಳ ಕಡಿಮೆ, ಎಣ್ಣೆಗೆ, ಆಲ್ಕೋಹಾಲ್‌ಗೆ ಸಲೀಸಾಗಿ ಬಿಡುತ್ತದೆ. ನಮ್ಮ ಅಂಗಡಿಗಳ ರಮ್, ವೋಡ್ಕಾ ಲೇಬಲ್ ಮೇಲೆ 42.8% ಅಂತ ಇರುತ್ತಲ್ಲ, ಅಷ್ಟು ಧಾರಾಳ ಸಾಕು. 1912ರಲ್ಲಿ ವಿಲ್ಬರ್ ಸ್ಕೋವಿಲ್ ಖಾರ ಅಳೆಯಲು ಹೊರಟಾಗ ಮಾಡಿದ್ದೂ ಇದೇ ಕೆಲಸ. ಮೆಣಸನ್ನು ಆಲ್ಕೋಹಾಲ್‌ನಲ್ಲಿ ನೆನೆಸಿ ಸತ್ವ ತೆಗೆದರು. ಆಮೇಲೆ ಖಾರ ಗೊತ್ತೇ ಆಗದಂತಾಗುವವರೆಗೆ ಸಕ್ಕರೆ ನೀರು ಬೆರೆಸುತ್ತ ಹೋದರು. ಎಷ್ಟು ಪಾಲು ನೀರು ಬೇಕಾಯಿತೋ ಅದೇ ಸ್ಕೋವಿಲ್ ಲೆಕ್ಕ. ಸೂಜಿ ಮೆಣಸಿನ ಜಾತಿಗೆ ಅದು ಸಾಮಾನ್ಯವಾಗಿ 50,000ದಿಂದ 1,00,000 ಅನ್ನುತ್ತಾರೆ.

ಇನ್ನೊಂದು ಕಿತಾಪತಿ ಇದೆ. ನಾಲಿಗೆಯಲ್ಲಿ ಬಿಸಿಯನ್ನೂ ಖಾರವನ್ನೂ ಹಿಡಿಯುವ ಗ್ರಾಹಕ (ರಿಸೆಪ್ಟರ್) ಒಂದೇ. ಅದನ್ನು ಪತ್ತೆ ಮಾಡಿದ್ದಕ್ಕೇ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಆಲ್ಕೋಹಾಲ್ ಕೂಡ ಅದೇ ಗ್ರಾಹಕವನ್ನು ಕೆಣಕುತ್ತದೆ. ಅದಕ್ಕೇ ಸಾರಿನಲ್ಲಿ ತಡೆದುಕೊಳ್ಳುವ ಖಾರ ಗ್ಲಾಸಿನಲ್ಲಿ ಜಾಸ್ತಿ ಅನ್ನಿಸುವುದು.

ನನ್ನ ಕ್ರಮ ಹೀಗೆ. ಪೂರ್ತಿ ಬಾಟಲಿಗೆ ಕೈ ಹಾಕಬೇಡಿ, 180 ಎಂಎಲ್ ಕ್ವಾರ್ಟರ್ ಸಾಕು. ಎರಡು ಮೆಣಸು ತೊಳೆದು, ನೀರು ಒರೆಸಿ, ಉದ್ದಕ್ಕೆ ಒಂದೇ ಸೀಳು ಹಾಕಿ. ಕಾಯಿ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ ಇರುತ್ತದೆ, ಬ್ಲೇಡಿನ ತುದಿ ಮುಟ್ಟಿಸಿದರೇ ಸಾಕು, ಬಾಯಿ ಬಿಡುತ್ತದೆ. ಕೂಡಲೇ ಮೂಗಿಗೆ ಹಿಡಿಯಿರಿ. ಹಸಿ ಸೊಪ್ಪಿನ ವಾಸನೆ, ಹಿಂದೆ ಸ್ವಲ್ಪ ಹಣ್ಣಿನ ಘಮ. ನಮಗೆ ಬೇಕಾದ್ದು ಅದು, ಖಾರ ಹೇಗೂ ಬಂದೇ ಬರುತ್ತದೆ. ಘಮ ಬೇಗ ಇಳಿಯುತ್ತದೆ. ಖಾರ ಮಾತ್ರ ಇಳಿಯುತ್ತಲೇ ಇರುತ್ತದೆ, ಕೊನೆಗೆ ಘಮವನ್ನೇ ಮುಚ್ಚಿಹಾಕುತ್ತದೆ.

ಅರ್ಧ ಗಂಟೆಗೆ ಮೊದಲ ರುಚಿ ನೋಡಿ. ಒಂದು ಚಮಚ ವೋಡ್ಕಾ, ಒಂದು ಚಮಚ ನೀರು. ನುಂಗಿದ ಕೂಡಲೇ ತೀರ್ಪು ಕೊಡಬೇಡಿ. ಪೂರ್ತಿ ಒಂದು ನಿಮಿಷ ಸುಮ್ನೆ ಕೂತಿರಿ, ಖಾರ ತಡವಾಗಿ ಏರುತ್ತದೆ. ಆಮೇಲೆ 15 ನಿಮಿಷಕ್ಕೊಮ್ಮೆ ನೋಡುತ್ತಿರಿ. ನನ್ನ ಅಡುಗೆಮನೆಯಲ್ಲಿ ಒಂದೂವರೆ ಗಂಟೆ ದಾಟಿದ್ದು ಕಡಿಮೆ. ‘ಇನ್ನೊಂಚೂರು ಬೇಕಿತ್ತು’ ಅನ್ನಿಸುವಾಗಲೇ ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿಬಿಡಿ. ಕೈ ಮೀರಿತಾ? ಅಷ್ಟೇ ಸಾದಾ ವೋಡ್ಕಾ ಬೆರೆಸಿ, ಬೇರೆ ಮದ್ದಿಲ್ಲ.

ರಮ್‌ಗೆ ಹಸಿ ಮೆಣಸು ಹೊಂದುವುದಿಲ್ಲ. ಅದಕ್ಕೆ ಬ್ಯಾಡಗಿ ಒಂದನ್ನು ಬಾಣಲೆಯಲ್ಲಿ ಬಿಸಿ ಮಾಡಿ ಹಾಕಿ. ಖಾರ ಕಡಿಮೆ, ಬಣ್ಣ ಚಂದ, ರಾತ್ರಿಯಿಡೀ ಬಿಟ್ಟರೂ ಹೆದರಿಕೆ ಇಲ್ಲ. ವಿಸ್ಕಿಗೆ ಹಾಕಬೇಡಿ, ದುಡ್ಡು ದಂಡ.

ಬೇಗ ಆಗಲಿ ಅಂತ ಒಲೆ ಮೇಲಿಡುವವರಿದ್ದಾರೆ. ಆಲ್ಕೋಹಾಲ್ ಆವಿಗೆ ಬೆಂಕಿ ಹತ್ತಿಕೊಳ್ಳಲು ಒಂದು ಕ್ಷಣ ಸಾಕು. ಕಳ್ಳಭಟ್ಟಿಯಲ್ಲಂತೂ ಈ ಪ್ರಯೋಗ ಬೇಡವೇ ಬೇಡ. ಅದರಲ್ಲಿ ಮೆಥನಾಲ್ ಅನ್ನುವ ವಿಷ ಇದ್ದರೆ ರುಚಿಯಿಂದ ಗೊತ್ತಾಗುವುದಿಲ್ಲ, ಖಾರ ಬಿದ್ದರೆ ಇನ್ನೂ ಇಲ್ಲ.

ಕುಡಿಯುವುದಕ್ಕೆ ನನ್ನ ಮೆಚ್ಚಿನದು ಇದು: ಖಾರದ ವೋಡ್ಕಾ 30 ಎಂಎಲ್, ಕೊಡಗಿನ ಕಿತ್ತಳೆ ರಸ 90, ಒಂದು ಚಮಚ ಜೇನು, ಚಿಟಿಕೆ ಉಪ್ಪು, ನಾಲ್ಕು ಹನಿ ಕಾಚಂಪುಳಿ (ಪಂದಿ ಕರಿಗೆ ಹಾಕುವ ಹುಳಿ). ನಾಲ್ಕೇ ಹನಿ. ಐದನೆಯದಕ್ಕೆ ಪಂದಿ ಕರಿ ನೆನಪಾಗುತ್ತದೆ.

ಮೆಣಸು ಮುಟ್ಟಿದ ಕೈಗೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅವತ್ತು ಬೆಳಿಗ್ಗೆಯೇ ಅದನ್ನು ತೆಗೆದಿಟ್ಟು ಕನ್ನಡಕ ಹಾಕಿಕೊಳ್ಳಿ.